ಕೊರಮೀನಿಗೆ ಯಾವ ಗಾಳ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಗಾಳ ಹಾಕೋರಿಗೆ ಆನ್‌ಲೈನ್‌ನಲ್ಲಿ ಕಾಣೋದೆಲ್ಲ ಅಮೆರಿಕದ ಬಾಸ್ ಮೀನಿನ ಸಾಮಾನು. ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ. ಅದರ ಥರಾನೇ ಹೊಂಚು ಹಾಕಿ ಬೇಟೆಯಾಡೋ ಕೊರಮೀನು ಇದೆ. ಜೊಂಡು, ಅಂತರಗಂಗೆ ನಡುವೆ ಅಡಗಿರುತ್ತೆ, ಉಸಿರಾಡೋಕೆ ನೀರಿನ ಮೇಲೆ ಬರುತ್ತೆ.

ಆ ಜೊಂಡಿನಿಂದ ಎಳೆಯೋಕೆ ತೆಳ್ಳಗಿನ ನೈಲಾನ್ ದಾರ ಸಾಲದು, ಹೆಣೆದ ಬ್ರೇಡ್ ದಾರ ಹಾಕಿ. ಏಳಡಿಯೊಳಗಿನ ಗಟ್ಟಿ ರಾಡ್ ಸಾಕು. ಎರೆಯಾಗಿ ರಬ್ಬರ್ ಕಪ್ಪೆ ಕೊಳ್ಳುವಾಗ ಬೆರಳಲ್ಲಿ ಒತ್ತಿ ನೋಡಿ: ಮೈ ಕುಗ್ಗಿ ಕೊಕ್ಕೆ ಹೊರಗೆ ಬರಬೇಕು, ಬಿಟ್ಟರೆ ಮತ್ತೆ ಮುಚ್ಚಿಕೊಳ್ಳಬೇಕು. ಅದು ಸರಿಯಿಲ್ಲದಿದ್ದರೆ ದುಬಾರಿ ರೀಲ್ ಇದ್ದೂ ಪ್ರಯೋಜನವಿಲ್ಲ.

ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಎಲ್ಲರೂ ಕಂಡಿದ್ದೇ. ಕೊಳಚೆ ಸೇರುವ ಕೆರೆಯ ಮೀನು ದಯವಿಟ್ಟು ತಿನ್ನಬೇಡಿ. ಇನ್ನು ಸಾಮಾನಿನ ಆರೈಕೆ: ಮನೆಗೆ ಬಂದ ಕೂಡಲೇ ರೀಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ಸಡಿಲಿಸಿ, ನೆರಳಲ್ಲಿ ಒಣಗಿಸಿ. ಕೊಕ್ಕೆ ಉಗುರಿನ ಮೇಲೆ ಜಾರಿದರೆ ಅರದಿಂದ ಉಜ್ಜಿ ಚೂಪು ಮಾಡಿ.

ಹರಿಗೋಲು ಹತ್ತುವ ಮೊದಲು ಬಿದಿರಿನ ಹೆಣಿಗೆ, ತಳದ ಡಾಂಬರು ಬಿರುಕು ಬಿಟ್ಟಿದೆಯಾ ನೋಡಿ. ಲೈಫ್ ಜಾಕೆಟ್ ತೊಟ್ಟೇ ಕೂರಿ.

ಎಷ್ಟೋ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆ ಪಡೆದವರದ್ದು, ಅವರನ್ನು ಕೇಳಿಯೇ ಗಾಳ ಬಿಡಿ. ಮರಿಗಳ ಗುಂಪನ್ನು ಕಾಯುತ್ತಿರುವ ಕೊರಮೀನಿಗಂತೂ ಗಾಳ ಹಾಕಲೇಬೇಡಿ. ಅದು ಹೋದರೆ ಮರಿಗಳು ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ.