ಹಳೆಯ ಕಾರಿನ ಜೀರ್ಣೋದ್ಧಾರ

ಇಟಲಿ ದೇಶದ ಬೊಲೋನ್ಯ ನಗರದ ಸಮೀಪದಲ್ಲಿ ಸಾಂತಾಗಾತ ಎಂಬ ಊರಿದೆ. ಟ್ರ್ಯಾಕ್ಟರುಗಳ ತಯಾರಿಕೆಯಲ್ಲಿ ಹೆಸರು ಗಳಿಸಿದ್ದ ಫೆರುಚ್ಚೊ ಲಂಬೋರ್ಗಿನಿ ಅವರು 1963ರಲ್ಲಿ ಅಲ್ಲಿ ಕಾರುಗಳ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಆ ಸಂಸ್ಥೆಯು ಮಾರಾಟಕ್ಕೆಂದು ತಯಾರಿಸಿದ ಮೊದಲ ಕಾರು ‘350 ಜಿ.ಟಿ.’ 1964ರಿಂದ 1966ರವರೆಗೆ ತಯಾರಾದ ಈ ಕಾರುಗಳ ಸಂಖ್ಯೆ ಸುಮಾರು 120 ಮಾತ್ರ. ಆದುದರಿಂದ ಎಲ್ಲಿಯೋ ಒಂದು ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತ 350 ಜಿ.ಟಿ.ಯನ್ನು ಕಂಡವರು ಅದನ್ನು ಗುಜರಿಗೆ ಹಾಕುವುದಿಲ್ಲ. ಜೀರ್ಣೋದ್ಧಾರ ಮಾಡಲು ಮುಂದಾಗುತ್ತಾರೆ.

ಈ ಕಾರಿನ ಮೈಕಟ್ಟು ಮಿಲಾನ್ ನಗರದ ಟೂರಿಂಗ್ ಸಂಸ್ಥೆಯ ಕೊಡುಗೆ. ಆ ಸಂಸ್ಥೆಯ ನಿರ್ಮಾಣಕ್ರಮಕ್ಕೆ ‘ಸೂಪರ್‌ಲೆಜ್ಜೇರ’, ಅಂದರೆ ‘ಅತ್ಯಂತ ಹಗುರ’ ಎಂದು ಹೆಸರು. ಮೊದಲು ಉಕ್ಕಿನ ಸಣ್ಣ ಕೊಳವೆಗಳನ್ನು ಬೆಸೆದು ಕಾರಿನ ಆಕಾರದ ಹಂದರವೊಂದನ್ನು ಕಟ್ಟುತ್ತಿದ್ದರು. ಅನಂತರ ಕೈಯಿಂದ ಬಡಿದು ರೂಪಿಸಿದ ತೆಳುವಾದ ಅಲ್ಯುಮಿನಿಯಂ ತಗಡನ್ನು, ಗುಡಾರದ ಗಳುಗಳ ಮೇಲೆ ಬಟ್ಟೆ ಹೊದಿಸುವಂತೆ, ಅದರ ಮೇಲೆ ಹೊದಿಸುತ್ತಿದ್ದರು.

ಈ ಗುಣವೇ ಮುಂದೆ ದೋಷಕ್ಕೂ ಕಾರಣವಾಯಿತು. ಉಕ್ಕು ಮತ್ತು ಅಲ್ಯುಮಿನಿಯಂ ಒಂದಕ್ಕೊಂದು ತಾಗಿರುವಲ್ಲಿ ಉಪ್ಪು ಬೆರೆತ ತೇವ ಸೇರಿದರೆ ಅಲ್ಲಿ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಆಗ ಅಲ್ಯುಮಿನಿಯಂ ಕ್ರಮೇಣ ಸವೆದು ಬಿಳಿಯ ಪುಡಿಯಾಗುತ್ತದೆ. ಒಳಗಿನ ಕೊಳವೆಗಳೂ ತುಕ್ಕು ಹಿಡಿಯುತ್ತವೆ. ಹೊರಗಿನ ಬಣ್ಣ ಚೆನ್ನಾಗಿಯೇ ಕಾಣುತ್ತಿದ್ದರೂ ಒಳಗಿನ ಹಂದರ ಟೊಳ್ಳಾಗಿರಬಹುದು.

ಜೀರ್ಣೋದ್ಧಾರದ ಮೊದಲ ಹೆಜ್ಜೆ ಬಿಚ್ಚುವುದಲ್ಲ, ನೋಡುವುದು. ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆದು, ಚೀಟಿ ಅಂಟಿಸಿ, ಅದರ ಸ್ಥಾನವನ್ನು ಬರೆದಿಡುತ್ತಾರೆ. ಬಳಿಕ ತಗಡನ್ನು ಜೋಪಾನವಾಗಿ ಎತ್ತಿ, ಕೆಟ್ಟ ಕೊಳವೆಯನ್ನಷ್ಟೇ ಕತ್ತರಿಸಿ, ಅದೇ ಅಳತೆಯ ಹೊಸದನ್ನು ಬೆಸೆಯುತ್ತಾರೆ. ಎರಡು ಲೋಹಗಳು ಮತ್ತೆ ತಾಗದಂತೆ ನಡುವೆ ಒಂದು ಪದರವನ್ನು ಇರಿಸುತ್ತಾರೆ.

ತಗಡಿನ ಕೆಲಸಕ್ಕೆ ನುರಿತ ಕೈ ಬೇಕು. ಬಡಿದಂತೆಲ್ಲ ಗಡುಸಾಗುವ ಅಲ್ಯುಮಿನಿಯಂ ಅನ್ನು ಆಗಾಗ ಕಾಯಿಸಿ ಮೆದುಗೊಳಿಸಬೇಕು. ಕಾದ ಉಕ್ಕು ಕೆಂಪಾಗಿ ಎಚ್ಚರಿಕೆ ನೀಡುತ್ತದೆ. ಅಲ್ಯುಮಿನಿಯಂ ಹಾಗಲ್ಲ, ಬಣ್ಣ ಬದಲಿಸದೆಯೇ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಬಿಡುತ್ತದೆ. ಆದ್ದರಿಂದ ಕುಶಲಕರ್ಮಿಯು ತಗಡಿನ ಮೇಲೆ ಸಾಬೂನು ಉಜ್ಜಿ ಜ್ವಾಲೆಯನ್ನು ಹಿಡಿಯುತ್ತಾನೆ. ಸಾಬೂನು ಕಂದುಗಪ್ಪಾದೊಡನೆ ಜ್ವಾಲೆಯನ್ನು ಹಿಂತೆಗೆಯುತ್ತಾನೆ.

ಜೊತ್ತೊ ಬಿಜ್ಜರೀನಿ ಅವರು ರೂಪಿಸಿದ ಎಂಜಿನಿನದು ಇನ್ನೊಂದು ಬಗೆಯ ಪರೀಕ್ಷೆ. ಅದರಲ್ಲಿ 12 ಸಿಲಿಂಡರುಗಳೂ ಅವುಗಳಿಗೆ ಇಂಧನವನ್ನು ಒದಗಿಸುವ 6 ಜೋಡಿನಾಳದ ಕಾರ್ಬುರೇಟರುಗಳೂ ಇವೆ. ಹನ್ನೆರಡು ನಾಳಗಳಲ್ಲಿಯೂ ಗಾಳಿ ಸಮನಾಗಿ ಹರಿಯುವಂತೆ ಹೊಂದಿಸದಿದ್ದರೆ ಎಂಜಿನು ಒಂದೇ ಸಮನೆ ಓಡುವುದಿಲ್ಲ. ಮೇಳದಲ್ಲಿ ಒಬ್ಬನ ತಾಳ ತಪ್ಪಿದರೆ ಹಾಡು ಕೆಡುವಂತೆ ಇದು.

ಇಷ್ಟಾದರೂ ಕಠಿಣವಾದ ಪ್ರಶ್ನೆಯೊಂದು ಉಳಿಯುತ್ತದೆ. ಕೆಟ್ಟ ಭಾಗಗಳನ್ನು ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ಕಾರೋ, ಅದರ ಹೊಸ ಪ್ರತಿಯೋ? ಹೊಸ ತಗಡು ಹೊಳೆಯುತ್ತದೆ, ನಿಜ. ಆದರೆ ಹಳೆಯ ತಗಡಿನ ಮೇಲೆ ಆ ಕಾಲದ ಕೆಲಸಗಾರನ ಸುತ್ತಿಗೆಯ ಗುರುತುಗಳಿರುತ್ತವೆ. ಒಮ್ಮೆ ಎಸೆದರೆ ಆ ಸಾಕ್ಷ್ಯವು ಮರಳಿ ದೊರೆಯುವುದಿಲ್ಲ. ಟೂರಿಂಗ್ ಸಂಸ್ಥೆಯ ಹಳೆಯ ಕಾರ್ಯಾಗಾರವು 1966ರಲ್ಲಿಯೇ ಮುಚ್ಚಿಹೋಯಿತೆಂಬುದನ್ನು ನೆನೆದರೆ ಆ ಗುರುತುಗಳ ಬೆಲೆ ಮನಸ್ಸಿಗೆ ಹೊಳೆಯುತ್ತದೆ.

ಈ ವಿಚಾರದಲ್ಲಿ ದಾರಿ ತೋರಲೆಂದು ಪ್ರಾಚೀನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ‘ಟೂರಿನ್ ಸನ್ನದು’ ಎಂಬ ನಿಯಮಾವಳಿಯನ್ನು ಅಂಗೀಕರಿಸಿತು. ಸಾಧ್ಯವಾದಷ್ಟನ್ನು ಉಳಿಸಿಕೊಳ್ಳಬೇಕು, ಬದಲಿಸಿದ ಭಾಗಗಳು ಮುಂದಿನವರಿಗೆ ತಿಳಿಯುವಂತೆ ಗುರುತು ಮಾಡಬೇಕು, ಮಾಡಿದ ಕೆಲಸವನ್ನೆಲ್ಲ ದಾಖಲಿಸಬೇಕು ಎಂಬುದು ಅದರ ತಿರುಳು.

ಹಳೆಯದನ್ನು ಹೊಸದರಂತೆ ಹೊಳೆಯಿಸುವುದು ಸುಲಭ. ಅದರ ಹಳಮೆಗೆ ಕುಂದು ಬಾರದಂತೆ ಮತ್ತೆ ಜೀವ ತುಂಬುವುದು ಕಷ್ಟ. ಕೌಶಲದೊಡನೆ ಪ್ರಾಮಾಣಿಕತೆಯೂ ಕೂಡಿದಾಗಲೇ ಜೀರ್ಣೋದ್ಧಾರವು ಸಾರ್ಥಕವಾಗುತ್ತದೆ.