ಎಲೆ ಸುತ್ತುವ ಕೈ, ಕಥೆ ಕೇಳುವ ಕಿವಿ

ಒಳ್ಳೆಯ ಹವಾನಾ ಸಿಗಾರ್‌ನಲ್ಲಿ ಇರುವುದು ಹೊಗೆಸೊಪ್ಪು ಮಾತ್ರ. ಕಾಗದವಿಲ್ಲ, ಫಿಲ್ಟರ್ ಇಲ್ಲ, ಪರಿಮಳಕ್ಕೆಂದು ಬೆರೆಸಿದ್ದು ಏನೂ ಇಲ್ಲ. ತುದಿಯ ಟೊಪ್ಪಿಗೆ ನಿಲ್ಲಲು ಬಣ್ಣ, ರುಚಿ ಯಾವುದೂ ಇಲ್ಲದ ಒಂದು ತೊಟ್ಟು ಸಸ್ಯಜನ್ಯ ಅಂಟು, ಅಷ್ಟೇ. ಮರೆಮಾಚಲು ಬೇರೇನೂ ಇಲ್ಲದ್ದರಿಂದ ಎಲೆಯ ದೋಷವಾಗಲಿ ಕೈಯ ದೋಷವಾಗಲಿ ಸೇದುವವರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ನಕಲಿಗೆ ಗುರಿಯಾದ ವಸ್ತುಗಳಲ್ಲಿ ಇದೂ ಒಂದು. ಪೆಟ್ಟಿಗೆ, ಪಟ್ಟಿ, ಮುದ್ರೆ ಎಲ್ಲವನ್ನೂ ನಕಲು ಮಾಡುವವರಿದ್ದಾರೆ. ಅವರಿಗೆ ಸಿಕ್ಕದೆ ಉಳಿದಿರುವುದು ಒಳಗಿನ ಕೆಲಸ.

ಆ ಕೆಲಸ ಶುರುವಾಗುವುದು ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ. ಅಲ್ಲಿನ ವುಯೆಲ್ತಾ ಅಬಾಹೊ ಸೀಮೆಯ ಸಾನ್ ಲೂಯಿಸ್, ಸಾನ್ ಹುವಾನ್ ಇ ಮಾರ್ತಿನೆಸ್ ಊರುಗಳ ಸುತ್ತಮುತ್ತಲಿನ ಹೊಲಗಳೇ ಈ ಎಲೆಯ ತವರು. ಹೊರಹೊದಿಕೆಗೆ ಬೇಕಾದ ಎಲೆಯನ್ನು ತೆಳುಬಟ್ಟೆಯ ಚಪ್ಪರದಡಿ ಬೆಳೆಸುತ್ತಾರೆ. ನೆರಳಿಗೆ ಎಲೆ ಅಗಲವಾಗಿ, ನಯವಾಗಿ ಬರುತ್ತದೆ. ಒಳತುಂಬುವ ಎಲೆಗೆ ಬಿಸಿಲೇ ಬೇಕು. ಕೊಯ್ಲು ಪೂರಾ ಕೈಕೆಲಸ. ಬುಡದಿಂದ ಮೇಲಕ್ಕೆ, ಒಂದು ಸಲಕ್ಕೆ ಎರಡು ಮೂರೇ ಎಲೆ ಬಿಡಿಸಿ, ನಡುವೆ ಕೆಲವು ದಿನ ಬಿಟ್ಟು ಮತ್ತೆ ಬರುತ್ತಾರೆ. ಗಿಡದ ಕೆಳಭಾಗದ ವೊಲಾದೊ ಚೆನ್ನಾಗಿ ಉರಿಯುತ್ತದೆ, ನಡುವಿನ ಸೆಕೊ ಪರಿಮಳ ಕೊಡುತ್ತದೆ, ತುದಿಯ ಲಿಗೆರೊಗೆ ಖಾರ ಹೆಚ್ಚು.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ತಂಬಾಕು ಹದಗೊಳಿಸುವ ಮನೆ, ಬ್ಯಾರನ್, ಹೊಸದಲ್ಲ. ಆದರೆ ನಮ್ಮಲ್ಲಿ ಬೆಂಕಿಯ ಶಾಖದಿಂದ ಕೆಲವೇ ದಿನಗಳಲ್ಲಿ ಹದಗೊಳ್ಳುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ಎಲೆ. ಅಲ್ಲಿ ಬಿಸಿಲಿನ ಎಲೆಗೆ ಬೆಂಕಿ ಸೋಕಿಸುವುದಿಲ್ಲ. ತಾಳೆಗರಿ ಹೊದಿಸಿದ ಮರದ ಮನೆಗಳಲ್ಲಿ ಗಳುಗಳಿಗೆ ಪೋಣಿಸಿ ತೂಗುಹಾಕಿದರೆ, ಕಿಟಕಿ ಬಾಗಿಲುಗಳನ್ನು ಹವೆ ನೋಡಿ ತೆರೆದು ಮುಚ್ಚುತ್ತಾ ಐವತ್ತು ದಿನ ಕಾಯಬೇಕು. ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ. ರಾಶಿ ತನ್ನಷ್ಟಕ್ಕೆ ಬಿಸಿಯಾಗಿ ಎಲೆಯೊಳಗಿನ ಅಮೋನಿಯಾ ಹೊರಬೀಳುತ್ತದೆ, ಒಗರು ಇಳಿಯುತ್ತದೆ. ಬಿಸಿ ಮಿತಿಮೀರಿದರೆ ರಾಶಿ ಒಡೆದು ಆರಿಸಿ ಮತ್ತೆ ಕಟ್ಟಬೇಕು. ಲಿಗೆರೊ ಎಲೆ ಕಾರ್ಖಾನೆಯ ಮೇಜಿಗೆ ಬರಲು ಎರಡು ವರ್ಷ ಬೇಕಾಗುತ್ತದೆ. ಈ ಸೀಮೆಯ ಅಲೆಹಾಂದ್ರೊ ರೊಬೈನಾ, ಕ್ರಾಂತಿಯ ನಂತರವೂ ಸಹಕಾರಿ ಬೇಸಾಯಕ್ಕೆ ಸೇರದೆ ಮನೆತನದ ಹೊಲ ಉಳಿಸಿಕೊಂಡ ರೈತ. ಅವರ ಎಲೆಯ ಗುಣಕ್ಕೆ ತಲೆಬಾಗಿದ ಸರ್ಕಾರಿ ಉದ್ಯಮ 1997ರಲ್ಲಿ ವೇಗಾಸ್ ರೊಬೈನಾ ಎಂದು ಅವರ ಹೆಸರಿನಲ್ಲೇ ಒಂದು ಸಿಗಾರ್ ತಂದಿತು. 2010ರಲ್ಲಿ, 91ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಸುತ್ತುವವರನ್ನು ತೋರ್ಸೆದೋರ್ ಎನ್ನುತ್ತಾರೆ. ಅವರ ಸಲಕರಣೆ ಒಂದು ಮರದ ಹಲಗೆ, ಚವೇತಾ ಎಂಬ ಹಿಡಿಯಿಲ್ಲದ ಅರ್ಧಚಂದ್ರದ ಕತ್ತಿ, ಅಂಟಿನ ಪುಟ್ಟ ಬಟ್ಟಲು. ತುಂಬುವ ಎಲೆಗಳನ್ನು ಒಂದರ ಮೇಲೊಂದು ಪೇರಿಸಿ ಸುತ್ತಿಬಿಡುವ ಹಾಗಿಲ್ಲ. ಒಂದೊಂದನ್ನೂ ಉದ್ದಕ್ಕೆ ಮಡಿಚಿ, ಮಡಿಕೆಗಳ ನಡುವೆ ಗಾಳಿ ಹಾಯುವ ದಾರಿ ಬಿಟ್ಟು ಜೋಡಿಸಬೇಕು. ನಿಧಾನ ಉರಿಯುವ ಲಿಗೆರೊ ನಟ್ಟನಡುವೆ ಕೂರಬೇಕು. ಪಕ್ಕಕ್ಕೆ ಜಾರಿದರೆ ಸಿಗಾರ್ ಒಂದು ಮಗ್ಗುಲಲ್ಲಿ ಮಾತ್ರ ಉರಿಯುತ್ತದೆ. ಈ ಕಟ್ಟನ್ನು ಬಿಗಿಯೆಲೆಯಿಂದ ಸುತ್ತಿ ಅಚ್ಚಿನಲ್ಲಿಟ್ಟು ಒತ್ತುತ್ತಾರೆ, ನಡುವೆ ಒಮ್ಮೆ ಹೊರಳಿಸುತ್ತಾರೆ. ಅಷ್ಟರಲ್ಲಿ ಹೊರಹೊದಿಕೆಯ ಎಲೆ ಹಲಗೆಯ ಮೇಲೆ ಹರಡಿರುತ್ತದೆ. ನಡುನರ ತೆಗೆದ ಮೇಲೆ ಅದು ಎಡ, ಬಲ ಎಂದು ಎರಡು ಹೋಳು. ಎಡಹೋಳನ್ನು ಒಂದು ದಿಕ್ಕಿಗೆ, ಬಲಹೋಳನ್ನು ಎದುರು ದಿಕ್ಕಿಗೆ ಸುತ್ತಿದರೆ ಮಾತ್ರ ನರಗಳ ಉಬ್ಬು ಒಳಗೆ ಉಳಿದು ಮೈ ನಯವಾಗಿರುತ್ತದೆ. ಚವೇತಾ ಒಮ್ಮೆ ಓಲಾಡಿ ಅಂಚು ಕತ್ತರಿಸುತ್ತದೆ, ಎಲೆ ಹಿಗ್ಗುತ್ತಾ ಸುತ್ತಿಕೊಳ್ಳುತ್ತದೆ, ಉಳಿದ ಚೂರಿನಲ್ಲಿ ಒಂದು ಪುಟ್ಟ ಬಿಲ್ಲೆ ಕೊಯ್ದು ತಲೆಗೆ ಟೊಪ್ಪಿಗೆ ಹಾಕುತ್ತಾರೆ. ಕೈ ಕುದುರಿದವರು ದಿನಕ್ಕೆ ನೂರರಷ್ಟು ಸುತ್ತುತ್ತಾರೆ. ಐವತ್ತರ ಕಟ್ಟು ಕಟ್ಟಿ ತಮ್ಮ ಗುರುತು ಹಾಕಿ ಕೊಡುತ್ತಾರೆ. ತಪ್ಪು ಕಂಡರೆ ಯಾರ ಕೈಯದೆಂದು ತಿಳಿಯಬೇಕಲ್ಲ.

ಬಳಿಕ ಬಣ್ಣ ವಿಂಗಡಿಸುವವರ ಸರದಿ. ಕಂದು ಬಣ್ಣದ ಹತ್ತಾರು ಛಾಯೆಗಳನ್ನು ಬರಿಗಣ್ಣಿನಲ್ಲೇ ಬೇರ್ಪಡಿಸಿ, ಒಂದು ಪೆಟ್ಟಿಗೆಯಲ್ಲಿ ಎಡದಿಂದ ಬಲಕ್ಕೆ ಗಾಢದಿಂದ ತಿಳಿಗೆ ಇಳಿಯುವಂತೆ ಇಡುತ್ತಾರೆ.

ಇಷ್ಟೂ ಹೊತ್ತು ಕೈಗೆ ಕೆಲಸ, ಕಿವಿ ಮಾತ್ರ ಬಿಡುವಾಗಿರುತ್ತದೆ. ಆ ಕಿವಿಗಾಗಿ 1865ರಲ್ಲಿ ಹವಾನಾದ ಎಲ್ ಫಿಗರೊ ಕಾರ್ಖಾನೆಯಲ್ಲಿ ಒಂದು ಏರ್ಪಾಡು ಶುರುವಾಯಿತು: ಕೆಲಸದ ನಡುವೆ ಒಬ್ಬರು ಎತ್ತರದ ಪೀಠದಲ್ಲಿ ಕೂತು ಗಟ್ಟಿಯಾಗಿ ಓದುವುದು. ಈ ಓದುಗನಿಗೆ ಲೆಕ್ತೋರ್ ಎಂದು ಹೆಸರು. ಅವನ ಸಂಬಳವನ್ನು ಕಾರ್ಮಿಕರೇ ತಮ್ಮ ಕೂಲಿಯಿಂದ ಎತ್ತಿ ಕೊಡುತ್ತಿದ್ದರು, ಪುಸ್ತಕವನ್ನೂ ಅವರೇ ಆರಿಸುತ್ತಿದ್ದರು. ಅಕ್ಷರ ಬಾರದ ಕೈಗಳು ಫ್ರೆಂಚ್ ಕಾದಂಬರಿಕಾರರಾದ ಹ್ಯೂಗೊ, ಡ್ಯೂಮಾ ಅವರನ್ನು ಕೇಳುತ್ತಾ ಎಲೆ ಸುತ್ತಿದವು. ಸ್ಪೇನಿನ ವಸಾಹತು ಸರ್ಕಾರಕ್ಕೆ ಭಯ ಹುಟ್ಟಲು ತಡವಾಗಲಿಲ್ಲ. 1866ರಲ್ಲೇ ಓದನ್ನು ನಿಷೇಧಿಸಿತು. ಆದರೂ ಅದು ಮರಳಿ ಬಂತು, ಕಡಲು ದಾಟಿ ಫ್ಲೋರಿಡಾದ ಟ್ಯಾಂಪಾದ ಕಾರ್ಖಾನೆಗಳಿಗೂ ಹೋಯಿತು. ಕ್ಯೂಬಾದ ಸ್ವಾತಂತ್ರ್ಯ ಹೋರಾಟಕ್ಕೆ ನಾಯಕ ಹೊಸೆ ಮಾರ್ತಿ ಬೆಂಬಲ ಕೂಡಿಸಿದ್ದು ಆ ಸಿಗಾರ್ ಕಾರ್ಮಿಕರ ನಡುವೆಯೇ. 1931ರಲ್ಲಿ ಟ್ಯಾಂಪಾದ ಮಾಲೀಕರು ಲೆಕ್ತೋರ್‌ಗಳನ್ನು ಹೊರಹಾಕಿ ರೇಡಿಯೊ ತಂದಿಟ್ಟರು. ಕ್ಯೂಬಾದಲ್ಲಿ ಮಾತ್ರ ಓದು ಇಂದಿಗೂ ನಿಂತಿಲ್ಲ: ಬೆಳಿಗ್ಗೆ ದಿನಪತ್ರಿಕೆ, ಆಮೇಲೆ ಕಾದಂಬರಿ. ಓದು ಮನಸ್ಸಿಗೆ ಹಿಡಿಸಿದರೆ ಚವೇತಾದಿಂದ ಹಲಗೆ ಕುಟ್ಟಿ ಮೆಚ್ಚುಗೆ ತಿಳಿಸುತ್ತಾರೆ. 1935ರಲ್ಲಿ ಹುಟ್ಟಿದ ಮೋಂಟೆಕ್ರಿಸ್ಟೊ ಬ್ರ್ಯಾಂಡ್ ಹೆಸರು ಪಡೆದದ್ದು ಡ್ಯೂಮಾನ ಕಾದಂಬರಿಯಿಂದ. ನಮ್ಮ ನೆರೆಯ ಕಣ್ಣೂರಿನ ಬೀಡಿ ಕಾರ್ಮಿಕರಲ್ಲೂ ಒಬ್ಬರು ಪತ್ರಿಕೆ ಓದುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು ವಾಡಿಕೆಯಾಗಿತ್ತು. ದುಡಿಯುವವರು ತಮ್ಮ ಕಾಸಿನಲ್ಲಿ ಸಾಹಿತ್ಯವನ್ನು ಸಾಕಿದ ಇಂಥ ಉದಾಹರಣೆಗಳು ಲೋಕದಲ್ಲಿ ಹೆಚ್ಚಿಲ್ಲ. ನನಗೆ ಈ ಉದ್ಯಮದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಇನ್ನು ಅಸಲಿತನದ ಮಾತು. 1912ರ ಕಾನೂನಿನಿಂದ ಬಂದ ಹಸಿರು ಖಾತರಿ ಮುದ್ರೆ ಪೆಟ್ಟಿಗೆಯ ಮೇಲಿರುತ್ತದೆ. ಪೆಟ್ಟಿಗೆಯ ತಳದಲ್ಲಿ ಕ್ಯೂಬಾದಲ್ಲಿ ತಯಾರಾದದ್ದು, ಪೂರ್ತಿ ಕೈಯಿಂದ ಮಾಡಿದ್ದು ಎಂಬ ಸ್ಪ್ಯಾನಿಷ್ ಬರಹವನ್ನು ಕಾಯಿಸಿದ ಅಚ್ಚಿನಿಂದ ಸುಟ್ಟಿರುತ್ತಾರೆ, ಜೊತೆಗೆ ಕಾರ್ಖಾನೆಯ ಸಂಕೇತ, ತಿಂಗಳು, ವರ್ಷ. ಇವೆಲ್ಲ ಬೇಕು, ಆದರೆ ಇವು ಸಾಲವು. ತೊಂಬತ್ತರ ದಶಕದಲ್ಲಿ ಬೇಡಿಕೆ ಏರಿದಾಗ ಉತ್ಪಾದನೆಯನ್ನು ಆತುರದಿಂದ ಹೆಚ್ಚಿಸಲಾಯಿತು. ಮುದ್ರೆ ಅಸಲಿಯೇ ಇದ್ದರೂ ಎಳೆದರೆ ಹೊಗೆ ಬಾರದಷ್ಟು ಬಿಗಿಯಾಗಿ ಸುತ್ತಿದ ಸಿಗಾರ್‌ಗಳು ಹೊರಬಂದವು. ಗಾಳಿ ಎಷ್ಟು ಹಾಯುತ್ತದೆಂದು ಅಳೆಯುವ ಯಂತ್ರಗಳು ಕಾರ್ಖಾನೆಗೆ ಬಂದದ್ದು ಅದರ ನಂತರ. ಅದಕ್ಕೂ ಮೊದಲೇ, 1989ರಲ್ಲಿ, ಸ್ವಿಟ್ಜರ್ಲೆಂಡಿನ ವ್ಯಾಪಾರಿ ಜೀನೊ ಡೇವಿಡಾಫ್ ತಮ್ಮ ಹೆಸರಿನ ಲಕ್ಷಕ್ಕೂ ಹೆಚ್ಚು ಕ್ಯೂಬನ್ ಸಿಗಾರ್‌ಗಳನ್ನು ಮಾರಲು ಯೋಗ್ಯವಲ್ಲವೆಂದು ಸುಟ್ಟುಹಾಕಿದ್ದರು. ಮುಂದೆ ಅವರ ಸಂಸ್ಥೆಯ ಸಿಗಾರ್ ತಯಾರಿಕೆ ಡೊಮಿನಿಕನ್ ಗಣರಾಜ್ಯಕ್ಕೆ ಹೋಯಿತು. 1960ರ ರಾಷ್ಟ್ರೀಕರಣದಲ್ಲಿ ಕಾರ್ಖಾನೆ ಕಳೆದುಕೊಂಡ ಮನೆತನಗಳೂ ದೇಶ ಬಿಟ್ಟು ಕೈಚಳಕವನ್ನು ಜೊತೆಗೊಯ್ದಿದ್ದವು. ಇನ್ನು ಹೆಸರಿನ ಗೊಂದಲವೂ ಇದೆ: ಇಂದು ಒಂದೇ ಹೆಸರಿನ ಎರಡು ಕೊಹೀಬಾ ಸಿಗಾರ್ ಉಂಟು, ಒಂದು ಕ್ಯೂಬಾದ್ದು, ಇನ್ನೊಂದು ಅಮೆರಿಕದ ಕಂಪನಿಯದು. ಹೆಸರಿನ ಹಕ್ಕಿಗಾಗಿ ಎರಡೂ ಕಡೆಯವರು ದಶಕಗಳ ಕಾಲ ವ್ಯಾಜ್ಯ ನಡೆಸಿದ್ದಾರೆ. ನಾಲ್ಕು ದಿಕ್ಕಿಗೆ ಚದುರಿದ ಈ ಕೈಗಳನ್ನೆಲ್ಲ ನಕಲಿ ಎನ್ನಲು ನಾನು ಸಿದ್ಧನಿಲ್ಲ. ತಾನು ಬೇರೆಯದೆಂದು ಸುಳ್ಳು ಹೇಳುವುದು ನಕಲಿ. ಬೇರೆ ಮಣ್ಣಿನ ಎಲೆಯನ್ನು ಬೇರೆ ಮಣ್ಣಿನದೆಂದೇ ಹೇಳಿ ನಿಯತ್ತಿನಿಂದ ಸುತ್ತಿದರೆ ಅದೂ ಅಸಲಿಯೇ.

ಹೊಗೆಸೊಪ್ಪು ಎಷ್ಟೇ ನಾಜೂಕಾಗಿ ಸುತ್ತಿದರೂ ಹೊಗೆಸೊಪ್ಪೇ. ಹೊಗೆಯನ್ನು ಒಳಗೆ ಎಳೆದುಕೊಳ್ಳದಿದ್ದರೂ ಸಿಗಾರ್ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಕಾರಣವಾಗುತ್ತದೆ. ಸೇದದವರು ಈ ಲೇಖನ ಓದಿ ಶುರುಮಾಡಬೇಕಿಲ್ಲ. ಆದರೆ ಹವಾನಾಕ್ಕೆ ಹೋಗುವ ಅವಕಾಶ ಬಂದರೆ, ನಮ್ಮಣ್ಣ ಕಾರ್ಖಾನೆಯಲ್ಲಿದ್ದಾನೆ, ಅರ್ಧ ಬೆಲೆಗೆ ಕೊಡಿಸುತ್ತೇನೆ ಎಂದು ಬೀದಿಯಲ್ಲಿ ಬೆನ್ನು ಹತ್ತುವವರಿಂದ ಪೆಟ್ಟಿಗೆ ಕೊಳ್ಳಬೇಡಿ. ಅದೇ ದುಡ್ಡಿನಲ್ಲಿ ಪ್ರವಾಸಿಗರಿಗೆ ತೆರೆದಿರುವ ಒಂದು ಕಾರ್ಖಾನೆಗೆ ಟಿಕೆಟ್ ಪಡೆದು, ಸುತ್ತುವ ಸಭಾಂಗಣದಲ್ಲಿ ಸ್ವಲ್ಪ ಹೊತ್ತು ನಿಂತು ಲೆಕ್ತೋರ್ ಓದುವುದನ್ನು ಕೇಳಿ ಬನ್ನಿ.