ಕಾಲೇಜು ಬಿಟ್ಟ ವಿಡಂಬನಕಾರ

ನಗಿಸುವುದು ಸುಲಭವೆಂದು ನೀವು ಎಣಿಸಬಹುದು. ನಗಿಸುತ್ತಲೇ ತಪ್ಪನ್ನು ಎತ್ತಿ ತೋರಬೇಕಾದರೆ ಮಾತ್ರ ಲೋಕವನ್ನು ಹತ್ತಿರದಿಂದ ಕಂಡಿರಬೇಕು. ಆ ವಿದ್ಯೆ ದೊರೆಯುವುದೆಲ್ಲಿ? ಶಿವರಾಮ ಕಾರಂತರ ಎಳವೆಯನ್ನು ನೋಡಿರಿ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಅವರು ಕುಂದಾಪುರದ ಹೈಸ್ಕೂಲಿನಲ್ಲಿ ಓದಿ, ನಮ್ಮ ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದರು. ಗಾಂಧೀಜಿಯವರ ಅಸಹಕಾರದ ಕರೆ ಬಂದಿತು. ಓದನ್ನು ಅರ್ಧಕ್ಕೇ ಬಿಟ್ಟು, ಖಾದಿಯ ಪ್ರಚಾರಕ್ಕೆಂದು ಊರೂರು ತಿರುಗಿದರು. ಆ ಅಲೆದಾಟವೇ ಅವರ ಎರಡನೆಯ ಶಾಲೆಯೆಂದು ನನಗೆ ತೋರುತ್ತದೆ. ವೇದಿಕೆಯ ಮಾತಿಗೂ ಮನೆಯ ನಡತೆಗೂ ಇರುವ ಅಂತರ ಅಂಥ ತಿರುಗಾಟದಲ್ಲಿ ಕಾಣುವಷ್ಟು ತರಗತಿಯಲ್ಲಿ ಕಾಣದು. 'ವಸಂತ' ಮಾಸಪತ್ರಿಕೆಯನ್ನು ನಡೆಸಿದ ಅವರು 'ದೇವದೂತರು' ಎಂಬ ವಿಡಂಬನ ಕಾದಂಬರಿಯನ್ನೂ ಬರೆದರು. ಅಧಿಕಾರಕ್ಕೆ ಅಂಜುವ ಗುಣ ಮುಂದೆಯೂ ಬರಲಿಲ್ಲ: 1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಪದ್ಮಭೂಷಣವನ್ನೇ ಹಿಂದಿರುಗಿಸಿದರು. ಪದವಿಯಿಲ್ಲದ ಅವರಿಗೆ ವಿಶ್ವವಿದ್ಯಾನಿಲಯಗಳು ತಾವಾಗಿಯೇ ಗೌರವ ಡಾಕ್ಟರೇಟನ್ನಿತ್ತವು.

ಮಕ್ಕಳು ಕಾಲೇಜು ಬಿಡಲೆಂದು ಉಪಾಧ್ಯಾಯನಾದ ನಾನು ಹೇಳುವೆನೇ? ಇಷ್ಟೇ ಬಿನ್ನಹ: ಮಗನೋ ಮಗಳೋ ಹಿರಿಯರ ಮಾತಿನಲ್ಲಿ ತಪ್ಪು ಕಂಡು ನಕ್ಕರೆ, ಒಡನೆ ಗದರಿಸಬೇಡಿರಿ, ಏನು ಕಂಡೆ ಎಂದು ಮೊದಲು ಕೇಳಿರಿ.